ಎಸೆದವರೇ ಎತ್ತಬೇಕು

ನಮ್ಮತ್ತೆ ಮನೆಯಲ್ಲಿರುವಾಗ ನೀವು ಒಂದು ಲೋಟ ಕೆಳಗಿಟ್ಟು ನೋಡಿ. ಅದು ಮೇಜಿಗೆ ಪೂರ್ತಿ ತಾಗಿರೋದಿಲ್ಲ, ಅಷ್ಟರಲ್ಲೇ ಅವರ ಕೈ ಸೇರಿ, ತೊಳೆಸಿಕೊಂಡು, ಬೋರಲು ಬಿದ್ದಿರುತ್ತೆ. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು ಅಂತ ಹೇಳೋಕೂ ನಿಮಗೆ ಪುರುಸೊತ್ತು ಸಿಗೋದಿಲ್ಲ. ಊಟದ ನಡುವೆ ಉಪ್ಪು ಬೇಕು ಅಂತ ನಾನು ಅರ್ಧ ಎದ್ದರೆ ಸಾಕು, "ನೀನು ಕೂತ್ಕೋ, ನಾನು ತರ್ತೀನಿ." ಬಟ್ಟೆ ಒಣಗಿರಬೇಕು ಅಂತ ಹಿತ್ತಲಿಗೆ ಹೊರಟರೆ, "ನೀನಿರು, ನಾನು ತರ್ತೀನಿ." ಮದುವೆಯಾಗಿ ಹನ್ನೊಂದು ವರ್ಷ ಆಯಿತು, ಈ ಮನೆಯಲ್ಲಿ ನಾನಿನ್ನೂ ನೆಂಟರ ಥರ ಕೂತಿದ್ದೀನಿ. ಅಕ್ಕಪಕ್ಕದವರು, ಅಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರಬೇಕು ಅಂತಾರೆ. ಒಂದು ತಿಂಗಳು ಕರ್ಕೊಂಡು ಹೋಗಿ ಇಟ್ಕೊಳ್ಳಲಿ, ಆಮೇಲೆ ಪುಣ್ಯದ ಮಾತಾಡಲಿ.

ಇದೆಲ್ಲ ಅವರಿಗೆ ಅಂಟಿಕೊಂಡಿದ್ದು ಲಾಂಡ್ರಿಯಿಂದ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಉದ್ದನೆ ಕೋಣೆಯಲ್ಲಿ, ಅವರು ಹದಿನಾರನೇ ವಯಸ್ಸಿನಿಂದ ಬೆಡ್‌ಶೀಟು ಒಗೆದವರು. ಒದ್ದೆ ಶೀಟುಗಳನ್ನು ಗಂಟು ಕಟ್ಟಿ, ದೂರದಲ್ಲಿ ನಿಂತಿರುವ ತಳ್ಳುಗಾಡಿಗೆ ಎಸೀಬೇಕು. ಗಾಡಿ ಹತ್ತಿರಕ್ಕೆ ತಂದರೆ ಹೆಂಗಸರು ಓಡಾಡೋಕೆ ಜಾಗ ಇರೋದಿಲ್ಲವಂತೆ. ಇಬ್ಬರು ಎತ್ತುವ ಗಂಟನ್ನು ನಮ್ಮತ್ತೆ ಒಬ್ಬರೇ ಎತ್ತಿ, ಹೆಗಲಿಗೆ ಆನಿಸಿ, ಒಂದೇ ಸಲಕ್ಕೆ ಗಾಡಿಗೆ ಸೇರಿಸ್ತಿದ್ದರು. ಅದಕ್ಕೇ ಅಲ್ಲಿ ಅವರ ಹೆಸರು ಕ್ರೇನಮ್ಮ. ಆ ಕೋಣೆಗೆ ಒಂದು ಕಟ್ಟಳೆ ಇತ್ತು: ಗಂಟು ಗುರಿ ತಪ್ಪಿ ಕೆಳಗೆ ಬಿದ್ದರೆ, ಎಸೆದವರೇ ಹೋಗಿ ಎತ್ತಬೇಕು. ಬೇರೆಯವರು ಮುಟ್ಟೋ ಹಾಗಿಲ್ಲ. ಇವರ ಗಂಟು ತಪ್ಪುತ್ತಿದ್ದದ್ದು ಅಪರೂಪ, ಆದರೆ ಆ ಮಾತು ಮಾತ್ರ ರಕ್ತಕ್ಕೆ ಇಳಿದುಬಿಟ್ಟಿದೆ.

ಆಸ್ಪತ್ರೆಯವರು ಲಾಂಡ್ರಿಯನ್ನು ಹೊರಗಿನವರಿಗೆ ವಹಿಸಿಕೊಟ್ಟಾಗ ನಮ್ಮತ್ತೆಗೆ ಐವತ್ತು ತುಂಬಿರಲಿಲ್ಲ. ಸಂಜೆ ಹೊತ್ತು ಒಂದು ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಿಸೋ ಕೆಲಸಕ್ಕೆ ಸೇರಿಕೊಂಡರು. ಹಗಲೆಲ್ಲ ಮನೆಯಲ್ಲಿ. ಇನ್ನು ನನ್ನ ಗತಿ ಮುಗೀತು ಅಂದುಕೊಂಡೆ. ಆದರೆ ಅವರು ಪುಸ್ತಕ ಹಿಡಿದರು. ಚಿಕ್ಕಂದಿನಲ್ಲಿ ಬಿಟ್ಟಿದ್ದ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಕಟ್ಟಿ, ಬಿದ್ದು, ಎದ್ದು, ಹನ್ನೆರಡನೇ ಕ್ಲಾಸು ಪಾಸಾದರು. ಆಮೇಲೆ ಡಿಗ್ರಿ ಕಾಲೇಜಿಗೆ ಸೇರ್ತೀನಿ ಅಂದರು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳೋದಿಲ್ಲ. ನಾನು ಕೆಲಸ ಮಾಡುವ ಮೆಡಿಕಲ್ ಶಾಪಿನಲ್ಲಿ ಬಂದವರಿಗೆಲ್ಲ ಮಾತ್ರೆ ಜೊತೆಗೆ ಈ ಸುದ್ದಿಯನ್ನೂ ಕಟ್ಟಿಕೊಟ್ಟೆ. ಮನೆ ಹತ್ತಿರವೇ ಒಂದು ಕಾಲೇಜಿತ್ತು. ಅದು ಬೇಡ ಅಂತ ಎರಡು ಬಸ್ಸು ಹತ್ತಿ ಹೋಗುವ ಕಾಲೇಜಿಗೆ ಸೇರಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಆ ಕಾಲೇಜಿಗೆ ಆಟದ ಮೈದಾನ ಇತ್ತು.

ಒಂದು ಭಾನುವಾರ ಹಿತ್ತಲಿನಿಂದ ಧಡ್ ಅಂತ ಸದ್ದು ಬಂತು. ಹೋಗಿ ನೋಡಿದರೆ ನಲ್ಲಿಯ ಪೈಪು ಸೀಳಿ ನೀರು ಚಿಮ್ಮುತ್ತಿತ್ತು, ಬಕೆಟ್ಟು ಎರಡು ಹೋಳು. ನಮ್ಮತ್ತೆ ಕೈಯಲ್ಲಿ ಕಬ್ಬಿಣದ ಗುಂಡು ಹಿಡ್ಕೊಂಡು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ಕಾಲೇಜಿನಲ್ಲಿ ಕೊಟ್ಟಿದ್ದು, ಗುಂಡು ಎಸೆತಕ್ಕೆ ಹೆಸರು ಕೊಟ್ಟಿದ್ದೀನಿ, ಅಭ್ಯಾಸ ಮಾಡ್ತಿದ್ದೆ, ಬಕೆಟ್ಟು ನಾನೇ ತಂದುಕೊಡ್ತೀನಿ ಅಂದರು. ಬಕೆಟ್ಟು ಹಾಳಾಗಿ ಹೋಗಲಿ. ಐವತ್ತು ದಾಟಿದ ಹೆಂಗಸು ಹತ್ತೊಂಬತ್ತರ ಹುಡುಗಿಯರ ಜೊತೆ ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಗುಂಡು ಎಸೀತಾರಂತೆ. ನಾನು ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತೆ. ನಮ್ಮವರನ್ನು ಕರೆದು ನಿಮ್ಮಮ್ಮನಿಗೆ ಬುದ್ಧಿ ಹೇಳಿ ಅಂದೆ. ನಮ್ಮವರು ಲಿಫ್ಟ್ ರಿಪೇರಿ ಮಾಡೋರು. ತಕ್ಷಣ ಎಲ್ಲೋ ಒಂದು ಲಿಫ್ಟ್ ಕೆಟ್ಟಿತು. ಅವರಿಗೆ ಬೇಕಾದಾಗಲೆಲ್ಲ ಒಂದು ಲಿಫ್ಟ್ ಕೆಡುತ್ತೆ.

ಇದನ್ನು ತಡೆಯೋಕೆ ನನಗೆ ಉಳಿದಿದ್ದು ನಿಯಮ ಒಂದೇ. ಕಾಲೇಜಿನ ಕ್ರೀಡಾ ಮೇಡಂ ಸ್ಪರ್ಧಿಗಳಿಗೆಲ್ಲ ಒಂದು ನಿಯಮದ ಪುಸ್ತಕ ಕೊಟ್ಟಿದ್ದರು. ಔಷಧದ ಡಬ್ಬಿಯೊಳಗಿನ ಇರುವೆಯಂಥ ಅಕ್ಷರ ಓದಿ ಓದಿ ಪಳಗಿದ ಕಣ್ಣು ನನ್ನದು, ಎಲ್ಲಾದರೂ ವಯಸ್ಸಿನ ಮಾತು ಇದ್ದೇ ಇರುತ್ತೆ ಅಂತ ಪುಟಪುಟ ಜಾಲಾಡಿದೆ. ಎಂಥೆಂಥ ನಿಯಮ ಅಂತೀರಿ. ಪೂರ್ಣಾವಧಿ ವಿದ್ಯಾರ್ಥಿ ಆಗಿರಬೇಕು. ನೂರಕ್ಕೆ ಎಪ್ಪತ್ತೈದು ಹಾಜರಾತಿ ಇರಬೇಕು. ಹಿಂದಿನ ವರ್ಷದ ಒಂದು ವಿಷಯವೂ ಬಾಕಿ ಇರಬಾರದು. ಎಲ್ಲೂ ಸಂಬಳದ ಕೆಲಸದಲ್ಲಿ ಇರಬಾರದು. ಹನ್ನೆರಡನೇ ಕ್ಲಾಸು ಮುಗಿಸಿ ಎಂಟು ವರ್ಷ ದಾಟಿರಬಾರದು. ಅಷ್ಟೇ. ಹುಟ್ಟಿ ಎಷ್ಟು ವರ್ಷ ಆಗಿರಬಾರದು ಅಂತ ಯಾರೂ ಬರೆದಿರಲಿಲ್ಲ. ಹನ್ನೆರಡನೇ ಕ್ಲಾಸನ್ನು ಯಾರಾದರೂ ಐವತ್ತರಲ್ಲಿ ಪಾಸಾಗ್ತಾರೆ ಅಂತ ಆ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ, ಪಾಪ.

ಉಳಿದ ನಿಯಮಗಳನ್ನಾದರೂ ತೋರಿಸಿ ಹೆದರಿಸೋಣ ಅಂತ ಹೋದೆ. ಅದೇ ನಾನು ಮಾಡಿದ ಎಡವಟ್ಟು. ಸಂಬಳದ ಕೆಲಸ ಇರಬಾರದು ಅಂದಿದ್ದೇ ತಡ, ಮಾರನೇ ದಿನ ಇಸ್ತ್ರಿ ಅಂಗಡಿ ಬಿಟ್ಟು ಬಂದರು. ಈಗ ಸಂಜೆಯೂ ಮನೆಯಲ್ಲೇ. ನನ್ನ ಲೋಟಗಳಿಗೆ ಉಳಿಗಾಲವೇ ಇಲ್ಲದಂತಾಯಿತು. ಹಾಜರಾತಿ ಅಂದೆ. ಜ್ವರ ಬಂದಾಗಲೂ ಮೂಗಿಗೆ ಕರವಸ್ತ್ರ ಹಿಡ್ಕೊಂಡು ಕಾಲೇಜಿಗೆ ಹೋದರು. ಅಲ್ಲಿ ಪಾಠ ಮುಗಿದ ಮೇಲೆ ಬೆಂಚಿನ ಕೆಳಗಿನ ಕಾಗದದ ಚೂರು ಆರಿಸ್ತಾ ಕೂರ್ತಾರೆ, ಬೋರ್ಡ್ ಒರೆಸೋ ಡಸ್ಟರನ್ನು ಮನೆಗೆ ತಂದು ಒಗೀತಾರೆ ಅಂತ ಆಮೇಲೆ ಗೊತ್ತಾಯಿತು. ಬಾಕಿ ವಿಷಯ ಅಂದೆ. ಅರ್ಥಶಾಸ್ತ್ರ ಬಾಕಿ ಇತ್ತು. ಅದನ್ನು ಹೇಳಿಕೊಡೋ ಕರ್ಮ ನನ್ನ ತಲೆಗೇ ಬಂತು. ಬೇಡಿಕೆಯ ಗೆರೆ ಯಾಕೆ ಕೆಳಗೆ ಇಳಿಯುತ್ತೆ ಹೇಳಿ ಅಂದರೆ, ಸ್ಕೇಲು ಸರಿಯಾಗಿ ಹಿಡಿದಿಲ್ಲ ಕಣಮ್ಮ ಅಂತಾರೆ. ನಾನು ಕೂಗಾಡಿ ಗಂಟಲು ಕಟ್ಟಿಸಿಕೊಂಡೆ. ಗಂಟಲಿಗೆ ಬಿಸಿನೀರು ತರೋಕೆ ಎದ್ದರೆ, "ನೀನು ಕೂತ್ಕೋ, ನಾನು ತರ್ತೀನಿ." ಆದರೂ ಪಾಸಾದರು. ಎರಡೇ ಎರಡು ಅಂಕದ ಅಂತರದಲ್ಲಿ ಪಾಸಾದರು, ಆದರೆ ಪಾಸು ಪಾಸೇ.

ಅಷ್ಟರಲ್ಲಿ ಬೇರೆ ಕಾಲೇಜಿನ ಒಬ್ಬ ದೈಹಿಕ ಶಿಕ್ಷಕರು ಕ್ಯಾತೆ ತೆಗೆದರು. ಮಲಗುವಾಗಲೂ ಕೊರಳಿನಿಂದ ಸೀಟಿ ತೆಗೆಯದ ಮನುಷ್ಯ, ಎಲ್ಲರೂ ಅವರನ್ನು ಸೀಟಿ ಮಾಸ್ತರು ಅಂತಲೇ ಕರೆಯೋದು. ಇದೇನು ಕಾಲೇಜು ಕ್ರೀಡಾಕೂಟವೋ ಅತ್ತೆಯಂದಿರ ಸಮ್ಮೇಳನವೋ ಅಂತ ಸಮಿತಿಯ ಮುಂದೆ ಆಕ್ಷೇಪ ಎತ್ತಿದರು. ನಾನು ಇಷ್ಟು ದಿನ ಮನೆಯಲ್ಲಿ ಹೇಳುತ್ತಿದ್ದದ್ದೂ ಅದನ್ನೇ. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನನಗೆ ಮೈ ಉರಿಯಿತು. ನಮ್ಮತ್ತೆಯನ್ನು ಬೈಯೋದಾದರೆ ನಾನು ಬೈತೀನಿ, ಇವರ್ಯಾರು? ಸಮಿತಿಯವರು ಕೂತು, ಚರ್ಚೆ ಮಾಡಿ, ತೀರ್ಮಾನ ಕೊಟ್ಟರು. ಈ ವರ್ಷ ನಿಯಮ ಇರೋದು ಹೀಗೆ, ಆದ್ದರಿಂದ ಎಸೆಯಬಹುದು. ಮುಂದಿನ ವರ್ಷದಿಂದ ಇಪ್ಪತ್ತೈದು ದಾಟಿದವರಿಗೆ ಪ್ರವೇಶ ಇಲ್ಲ. ಅಂದರೆ ಈ ಒಂದೇ ಸಲ.

ಆ ಸಂಜೆ ನಾನು ರೋಸಿಹೋಗಿ ನೇರವಾಗಿ ಕೇಳಿಯೇಬಿಟ್ಟೆ. ಯಾಕೆ ಇಷ್ಟೆಲ್ಲ ಪೀಕಲಾಟ, ಪದಕ ಬರುತ್ತೆ ಅಂತಾನಾ, ಆ ಹುಡುಗಿಯರ ಮುಂದೆ ನಡೆಯುತ್ತಾ ಅಂತ. ಅವರು ಬಟ್ಟೆ ಮಡಿಸ್ತಾ ಇದ್ದರು, ನನ್ನ ಬಟ್ಟೆ, ಬೇಡ ಅಂದರೂ. ತಲೆ ಎತ್ತದೆ ಹೇಳಿದರು.

"ಪದಕ ಗಿದಕ ಎಲ್ಲಿ ಬರುತ್ತೆ, ಬಿಡಮ್ಮ. ಶಾಲೆಯಲ್ಲಿ ಎಸೀತಿದ್ದೆ. ಎಲ್ಲರಿಗಿಂತ ದೂರ ಬೀಳ್ತಿತ್ತು. ಆದ್ರೆ ಬರೀ ಕಣ್ಣಳತೆ. ಮುಂದಿನ ವಾರ ಟೇಪು ಹಿಡಿದು ಅಳೀತೀವಿ ಅಂತ ಟೀಚರ್ ಹೇಳಿದ್ರು. ಆ ವಾರ ಅಪ್ಪ ಹಾಸಿಗೆ ಹಿಡಿದ್ರು, ನಾನು ಲಾಂಡ್ರಿಗೆ ಸೇರಿದೆ. ಒಂದು ಸಲ ಅಳೀಲಿ, ಅಷ್ಟೇ. ಎಷ್ಟು ಅಂತ ಗೊತ್ತಾಗ್ಲಿ."

ಮಾರನೇ ದಿನ ಶಾಪಿನಿಂದ ಬರುವಾಗ ಮೊಣಕೈಗೆ ಹಾಕೋ ಪಟ್ಟಿ ಒಂದು ತಂದು ಅವರ ಹಾಸಿಗೆ ಮೇಲೆ ಎಸೆದೆ. ಬಕೆಟ್ಟು ಒಡೆದ ಸಿಟ್ಟು ಹಾಗೇ ಇತ್ತು.

ಕ್ರೀಡಾಕೂಟದ ದಿನ ಶಾಪಿನ ಮಾಲೀಕರ ಹತ್ತಿರ ಅರ್ಧ ದಿನ ರಜಾ ಬೇಡಿದೆ. ಅವರು ಮೂಗು ಮುರಿದೇ ಕೊಟ್ಟರು, ಮಧ್ಯಾಹ್ನಕ್ಕೆ ಕೌಂಟರಿನಲ್ಲಿ ಇರಲೇಬೇಕು ಅಂತ. ನಮ್ಮವರೂ ಬರ್ತೀನಿ ಅಂದಿದ್ದರು. ಬೆಳಗ್ಗೆ ಆಸ್ಪತ್ರೆಯ ಲಿಫ್ಟ್ ಕೆಟ್ಟಿತು. ಈ ಸಲ ನಿಜವಾಗಿಯೂ ಕೆಟ್ಟಿತ್ತು, ಅದನ್ನೂ ನಂಬೋಕಾಗದ ಪರಿಸ್ಥಿತಿ ಮಾಡಿಟ್ಟಿದ್ದಾರೆ.

ಮೈದಾನದ ಮೂಲೆಯಲ್ಲಿ ಸಿಮೆಂಟಿನ ಒಂದು ವೃತ್ತ. ಅದರ ಮುಂದೆ ಸುಣ್ಣದ ಎರಡು ಗೆರೆ ಬೀಸಣಿಗೆ ಥರ ಅಗಲವಾಗಿ ಹೋಗಿತ್ತು, ಸುತ್ತ ಹಗ್ಗ. ಹನ್ನೊಂದು ಜನ ಸ್ಪರ್ಧಿಗಳು, ಹತ್ತು ಹುಡುಗಿಯರು ಮತ್ತು ನಮ್ಮತ್ತೆ. ಎಲ್ಲರ ಥರ ಬೆನ್ನಿಗೆ ನಂಬರಿನ ಚೀಟಿ ಪಿನ್ ಮಾಡ್ಕೊಂಡು, ಕಾಲೇಜಿನ ಟೀ ಶರ್ಟಿನಲ್ಲಿ ನಿಂತಿದ್ದರು. ಟೀ ಶರ್ಟಿಗೆ ಬೆಳಗ್ಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದರು, ಅದು ರಟ್ಟಿನ ಹಾಗೆ ನಿಂತಿತ್ತು. ಕ್ರೀಡಾ ಮೇಡಂ ನನಗೆ ಲೆಕ್ಕ ವಿವರಿಸಿದರು. ಒಬ್ಬೊಬ್ಬರಿಗೂ ಮೂರು ಎಸೆತ. ಮೂರರಲ್ಲಿ ಚೆನ್ನಾಗಿ ಬಿದ್ದದ್ದನ್ನು ನೋಡಿ ಎಂಟು ಜನರನ್ನು ಉಳಿಸ್ಕೊಂಡು, ಅವರಿಗೆ ಇನ್ನೂ ಮೂರು ಎಸೆತ ಕೊಡ್ತಾರೆ. ಸರಿ ಎಸೆತಕ್ಕೆ ಬಿಳಿ ಬಾವುಟ, ತಪ್ಪು ಎಸೆತಕ್ಕೆ ಕೆಂಪು ಬಾವುಟ. ಕೆಂಪು ಬಾವುಟ ಬಿದ್ದ ಎಸೆತವನ್ನು ಅಳೆಯೋದೇ ಇಲ್ಲ.

ಇನ್ನೊಂದು ಮಾತು ಹೇಳಿ ಮೇಡಂ ನಿಟ್ಟುಸಿರು ಬಿಟ್ಟರು. ಗುಂಡು ಎಸೆದ ಮೇಲೆ ವೃತ್ತದ ಹಿಂದಿನ ಅರ್ಧದಿಂದಲೇ ಹೊರಗೆ ಬರಬೇಕು. ಮುಂದಿನಿಂದ ಕಾಲಿಟ್ಟರೆ ಎಸೆತ ವ್ಯರ್ಥ. ನಿಮ್ಮತ್ತೆಗೆ ಇದನ್ನು ಸಾವಿರ ಸಲ ಹೇಳಿದ್ದೀನಿ, ನಾನು ನೋಡ್ತಾ ಇದ್ದರೆ ಸರಿಯಾಗಿ ಬರ್ತಾರೆ, ಕಣ್ಣು ತಪ್ಪಿದರೆ ಸೀದಾ ಮುಂದಕ್ಕೆ ಹೋಗಿ ಗುಂಡು ಎತ್ಕೊಳ್ತಾರೆ ಅಂದರು. ಹಿತ್ತಲಿನಲ್ಲಿ ದಿನಾ ನೋಡಿದ್ದೀನಲ್ಲ. ಎಸೆಯೋದು, ನಡೆದು ಹೋಗಿ ಎತ್ತೋದು. ಎಸೆಯೋದು, ನಡೆದು ಹೋಗಿ ಎತ್ತೋದು.

ಮೊದಲ ಸರದಿ. ನಮ್ಮತ್ತೆ ವೃತ್ತಕ್ಕೆ ಹೋದರು. ಗುಂಡನ್ನು ಕತ್ತಿಗೆ ಆನಿಸಿ, ಒದ್ದೆ ಶೀಟಿನ ಗಂಟು ಎತ್ತುವಾಗಿನ ಹಾಗೇ ಮಂಡಿ ಬಗ್ಗಿಸಿ, ಒಂದು ಸಲ ಉಸಿರು ಎಳ್ಕೊಂಡು ಎಸೆದರು. ಗುಂಡು ಒಂಬತ್ತು ಮೀಟರಿನ ಗೆರೆ ದಾಟಿ ಬಿತ್ತು. ಹುಡುಗಿಯರೆಲ್ಲ ಓ ಅಂದರು, ನಾನು ಬಾಯಿ ಬಿಟ್ಕೊಂಡು ನಿಂತೆ. ಮೇಡಂ ಚಪ್ಪಾಳೆ ತಟ್ಟೋಕೆ ಕೈ ಎತ್ತಿದರು. ಎತ್ತಿದ ಕೈ ಹಾಗೇ ಉಳಿಯಿತು. ನಮ್ಮತ್ತೆ ಏನೂ ಆಗದವರ ಹಾಗೆ ವೃತ್ತದ ಮುಂದಿನಿಂದ ಇಳಿದು, ಗುಂಡಿನ ಕಡೆ ನಡೆದುಕೊಂಡು ಹೋಗುತ್ತಿದ್ದರು. ಕೆಂಪು ಬಾವುಟ. ಟೇಪು ಹಿಡಿದವರು ಟೇಪು ಸುತ್ಕೊಂಡರು.

ಹಗ್ಗದಾಚೆಯಿಂದ ನಾನು ಹಲ್ಲು ಕಚ್ಕೊಂಡು ಸನ್ನೆ ಮಾಡಿದೆ, ಹಿಂದೆ, ಹಿಂದೆ ಅಂತ. ಮೇಡಂ ಬಿಡಿಸಿ ಹೇಳಿದರು. ಅವರು ಎಲ್ಲದಕ್ಕೂ ತಲೆ ಆಡಿಸಿದರು. ಆ ತಲೆ ಆಡಿಸೋದು ನನಗೆ ಗೊತ್ತು. ಅತ್ತೆ, ನನ್ನ ಲೋಟ ಮುಟ್ಟಬೇಡಿ ಅಂದಾಗಲೂ ಹೀಗೇ ಆಡಿಸ್ತಾರೆ.

ಎರಡನೇ ಎಸೆತವೂ ಚೆನ್ನಾಗಿಯೇ ಬಿತ್ತು. ಈ ಸಲ ಅವರಿಗೆ ನೆನಪಿತ್ತು. ಎಸೆದು, ವೃತ್ತದೊಳಗೆ ಕಂಬದ ಹಾಗೆ ನಿಂತರು. ಇನ್ನೇನು ಹಿಂದಕ್ಕೆ ತಿರುಗಬೇಕು. ಅಷ್ಟರಲ್ಲಿ ಗುಂಡು ತರೋಕೆ ನಿಂತಿದ್ದ ಒಬ್ಬಳು ಸಣಕಲು ಹುಡುಗಿ ಬಗ್ಗಿ, ಎರಡು ಕೈಯಲ್ಲಿ ಗುಂಡು ಎತ್ತೋಕೆ ತಿಣುಕಿದಳು. "ಅಯ್ಯೋ, ನೀನು ಬಿಡಮ್ಮ, ನಾನು ತರ್ತೀನಿ" ಅಂತ ನಮ್ಮತ್ತೆ ಮುಂದಕ್ಕೆ ಕಾಲಿಟ್ಟೇಬಿಟ್ಟರು. ಕೆಂಪು ಬಾವುಟ. ಸೀಟಿ ಮಾಸ್ತರು ಪಕ್ಕದಲ್ಲಿ ಕಿಸಕ್ಕನೆ ನಕ್ಕರು. ಅವರ ಕಾಲೇಜಿನ ಹುಡುಗಿ ಆ ಹೊತ್ತಿಗೆ ಎಂಟನೆಯವಳಾಗಿದ್ದಳು.

ನನಗೆ ಅಳು ಬರೋ ಅಷ್ಟು ಸಿಟ್ಟು ಬಂತು. ಎರಡು ಬಸ್ಸು ಹತ್ತಿ, ಜ್ವರದಲ್ಲಿ ಹಾಜರಿ ಹಾಕಿಸಿ, ಬೇಡಿಕೆಯ ಗೆರೆ ಕಲಿತು, ಇಸ್ತ್ರಿ ಅಂಗಡಿ ಬಿಟ್ಟು, ಪುಸ್ತಕದಲ್ಲಿದ್ದ ಪ್ರತಿಯೊಂದು ನಿಯಮವನ್ನೂ ಗೆದ್ದು ಬಂದ ಹೆಂಗಸು, ಕೊನೆಗೆ ಒಂದು ಕಬ್ಬಿಣದ ಉಂಡೆಯನ್ನು ಇನ್ನೊಬ್ಬರು ಎತ್ತಲಿ ಅಂತ ಬಿಡೋಕಾಗದೆ ಸೋಲ್ತಾರಲ್ಲ. ಇನ್ನೊಂದೇ ಎಸೆತ ಉಳಿದಿತ್ತು. ಅದೂ ಕೆಂಪಾದರೆ ಅವರ ಹೆಸರಿನ ಮುಂದೆ ಅಡ್ಡಗೆರೆ ಎಳೀತಾರೆ, ಮುಂದಿನ ವರ್ಷ ಗೇಟಿನೊಳಗೇ ಬಿಡೋದಿಲ್ಲ. ಆ ಅಳತೆ ಕಣ್ಣಳತೆಯಾಗಿಯೇ ಉಳಿದುಹೋಗುತ್ತೆ.

ಏನು ಹೇಳಿದರೂ ಇವರ ತಲೆಗೆ ಹೋಗೋದಿಲ್ಲ. ಹನ್ನೊಂದು ವರ್ಷ ಹೇಳಿ ನೋಡಿದ್ದೀನಿ. ನಾನು ಹಗ್ಗದ ಹೊರಗೇ ಮೈದಾನ ಸುತ್ತಿ, ಗುಂಡು ಬೀಳುವ ಜಾಗದ ಆ ತುದಿಗೆ ಹೋಗಿ ನಿಂತೆ. ಅಲ್ಲಿ ಪ್ರೇಕ್ಷಕರು ಯಾರೂ ಇರಲಿಲ್ಲ, ಬಿಸಿಲು ನೆತ್ತಿ ಸುಡುತ್ತಿತ್ತು. ವೃತ್ತದಲ್ಲಿ ನಿಂತು ತಲೆ ಎತ್ತಿದರೆ ಅವರಿಗೆ ಎದುರಿಗೆ ಕಾಣೋದು ನಾನೇ.

ಮೂರನೇ ಸಲಕ್ಕೆ ಅವರ ಹೆಸರು ಕೂಗಿದರು. ಈ ಸಲ ಮಂಡಿ ಬಗ್ಗಿಸುವ ಮೊದಲು ವೃತ್ತದ ಹಿಂದಿನ ಅರ್ಧವನ್ನು ಎರಡು ಸಲ ತಿರುಗಿ ನೋಡಿದರು. ಎಸೆತ ಮೊದಲಿನಷ್ಟು ಏರಲಿಲ್ಲ. ಗುಂಡು ಒಂಬತ್ತರ ಗೆರೆಗಿಂತ ಹಿಂದೆಯೇ ಬಿದ್ದು, ಧೂಳೆಬ್ಬಿಸಿ, ನನ್ನ ಕಡೆಗೆ ಉರುಳ್ಕೊಂಡು ಬಂತು. ಅವರ ಕಣ್ಣು ಗುಂಡಿನ ಜೊತೆಗೇ ಬಂತು. ಬಲಗಾಲು ಮುಂದಕ್ಕೆ ಎದ್ದಿತು.

"ಅತ್ತೆ, ನೀವಿರಿ, ನಾನು ತರ್ತೀನಿ!"

ಇಡೀ ಮೈದಾನಕ್ಕೆ ಕೇಳೋ ಹಾಗೆ ಕಿರುಚಿದ್ದೆ. ಓಟದ ಟ್ರ್ಯಾಕಿನಲ್ಲಿದ್ದವರೂ ತಿರುಗಿ ನೋಡಿದರು. ನಮ್ಮತ್ತೆಯ ಕಾಲು ಗಾಳಿಯಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು, ಗುಂಡು ನೋಡಿದರು, ಮತ್ತೆ ನನ್ನನ್ನು ನೋಡಿದರು. ಇದೆಲ್ಲಾದರೂ ಉಂಟಾ ಅನ್ನೋ ಮುಖ. ಆಮೇಲೆ ಕಾಲನ್ನು ನಿಧಾನಕ್ಕೆ ವೃತ್ತದೊಳಗೇ ಇಳಿಸಿ, ತಿರುಗಿ, ಹಿಂದಿನಿಂದ ಹೊರಗೆ ಹೋದರು.

ಬಿಳಿ ಬಾವುಟ ಎತ್ತಿದರು.

ಸೀಟಿ ಮಾಸ್ತರು ಓಡಿ ಬಂದರು. ಹೊರಗಿನವರು ಸಹಾಯ ಮಾಡಿದ್ದಾರೆ, ಎಸೆತ ರದ್ದು ಮಾಡಿ ಅಂತ ರಂಪ ಎಬ್ಬಿಸಿದರು. ತೀರ್ಪುಗಾರರು ವಯಸ್ಸಾದವರು, ಬಿಸಿಲಿಗೆ ಬೇಸತ್ತಿದ್ದರು. ಹಗ್ಗದ ಹತ್ತಿರ ಬಂದು ನನ್ನನ್ನೇ ಕೇಳಿದರು, ನೀವು ಹಗ್ಗ ದಾಟಿದಿರಾ ಅಂತ. ಇಲ್ಲ ಅಂದೆ. ಗುಂಡು ಮುಟ್ಟಿದಿರಾ ಅಂದರು. ಇಲ್ಲ, ಮುಟ್ಟೋಕೆ ನಮ್ಮನೆಯಲ್ಲಿ ನನ್ನನ್ನು ಯಾರೂ ಬಿಡೋದಿಲ್ಲ ಅಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಕೂಗಿದಾಗ ಗುಂಡು ನೆಲಕ್ಕೆ ಬಿದ್ದಾಗಿತ್ತು, ಹಗ್ಗದ ಹೊರಗಿನಿಂದ ಕೂಗೋಕೆ ಯಾರ ಅಡ್ಡಿಯೂ ಇಲ್ಲ ಅಂತ ಸೀಟಿ ಮಾಸ್ತರಿಗೆ ಕಡ್ಡಿ ಮುರಿದ ಹಾಗೆ ಹೇಳಿ, ಟೇಪು ತರಿಸಿದರು.

ಒಬ್ಬರು ಗುಂಡು ಬಿದ್ದ ಗುಳಿಗೆ ಟೇಪಿನ ತುದಿ ಚುಚ್ಚಿದರು, ಇನ್ನೊಬ್ಬರು ವೃತ್ತದವರೆಗೆ ಎಳೆದರು. ನಮ್ಮತ್ತೆ ವೃತ್ತದ ಹಿಂದೆ ಕೈಕಟ್ಟಿ ನಿಂತು ನೋಡ್ತಿದ್ದರು. ಟೇಪು ಸಡಿಲ ಇದೆ ನೋಡಿ, ಬಿಗಿಯಾಗಿ ಹಿಡೀರಿ ಅಂದರಂತೆ. ಸಡಿಲ ಇದ್ದರೆ ಇವರಿಗೇ ಲಾಭ, ಬಿಗಿ ಹಿಡಿದರೆ ಅಳತೆ ಕಡಿಮೆ ಆಗುತ್ತೆ. ಮೇಡಂ ಇದನ್ನು ಆಮೇಲೆ ಹೇಳಿದಾಗ ನಾನು ಹಣೆ ಚಚ್ಕೊಂಡೆ. ಬಿಗಿಯಾಗಿಯೇ ಹಿಡಿದು ಅಳೆದರು. ಎಂಟು ಮೀಟರ್ ಅರವತ್ತೆರಡು ಅಂತ ಮೈಕಿನಲ್ಲಿ ಕೂಗಿದರು. ನಮ್ಮತ್ತೆ ಪಕ್ಕದ ಹುಡುಗಿಯನ್ನು ಎಷ್ಟಂದ್ರು ಅಂತ ಕೇಳಿದರು. ಅವಳು ಹೇಳಿದಳು. ಅವರು ಇನ್ನೊಂದು ಸಲ ಹೇಳು ಅಂದರು. ಆಮೇಲೆ ಟೀ ಶರ್ಟಿನ ತೋಳಿನಿಂದ, ಗಂಜಿ ಹಾಕಿದ ಆ ರಟ್ಟಿನಂಥ ತೋಳಿನಿಂದ, ಕಣ್ಣೊರೆಸ್ಕೊಂಡರು. ನಾನೂ ಒರೆಸ್ಕೊಂಡೆ. ಯಾರಾದರೂ ಕೇಳಿದರೆ ಬಿಸಿಲು ಅಂತ ಹೇಳೋಣ ಅಂದುಕೊಂಡೆ, ಆ ತುದಿಯಲ್ಲಿ ಕೇಳೋರು ಯಾರೂ ಇರಲಿಲ್ಲ.

ಅಳತೆ ಆಯಿತು, ಗೊತ್ತಾಯಿತು, ಮುಗೀತು, ಇನ್ನು ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಕೌಂಟರು ಸೇರಬಹುದು ಅಂತ ಬ್ಯಾಗು ಹೆಗಲಿಗೆ ಹಾಕ್ಕೊಂಡೆ. ಅಷ್ಟರಲ್ಲಿ ಮೈಕಿನವರು ಎಂಟು ಜನರ ಹೆಸರು ಓದಿದರು. ಎಂಟನೆಯದು ನಮ್ಮತ್ತೆಯದು. ಸೀಟಿ ಮಾಸ್ತರ ಹುಡುಗಿ ಒಂಬತ್ತನೆಯವಳಾಗಿದ್ದಳು. ಅಂದರೆ ಇನ್ನೂ ಮೂರು ಎಸೆತ ಇದೆ. ಸಾಕಪ್ಪಾ ಸಾಕು ಈ ಸಹವಾಸ ಅಂತ ಗೊಣಗಿಕೊಂಡು, ಮೇಡಂ ನೋಡ್ಕೊಳ್ತಾರೆ, ನಾನು ಹೊರಡ್ತೀನಿ ಅಂತ ಕೈ ಬೀಸಿ ಸನ್ನೆ ಮಾಡಿದೆ.

ನಮ್ಮತ್ತೆ ವೃತ್ತದ ಹತ್ತಿರದಿಂದ ನನ್ನನ್ನೇ ನೋಡ್ತಿದ್ದರು. ಜೋರಾಗಿ ಮಾತಾಡೋದು ಅವರ ಜಾಯಮಾನವಲ್ಲ. ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು ಕೂಗಿದರು.

"ಹೋಗ್ಬೇಡ. ಅಲ್ಲೇ ನಿಂತಿರು."

ಹನ್ನೊಂದು ವರ್ಷದಲ್ಲಿ ನಮ್ಮತ್ತೆ ನನಗೆ ಹೇಳಿದ ಮೊದಲ ಕೆಲಸ ಅದು. ಬ್ಯಾಗು ಕೆಳಗಿಟ್ಟು, ಅಲ್ಲೇ ನಿಂತೆ.